ಕುರಿಯ ಹಿರೇಬೇನೆ, ಮಗುವಿನ ದಡಾರ: ಎರಡು ರೋಗ, ಒಂದೇ ವಂಶ

ವಿಜಯಪುರ ನಗರದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ಎರಿ ಹೊಲಗಳಲ್ಲಿ ಜೋಳ, ತೊಗರಿ, ಕಡಲೆ. ನೀರು ಸಿಕ್ಕಲ್ಲೆಲ್ಲ ದ್ರಾಕ್ಷಿ ಪಡ. ರಾಶಿ ಮುಗಿದ ಹೊಲಗಳಲ್ಲಿ ಕುರಿ ಹಿಂಡು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಎಷ್ಟೋ ಮನೆಗಳನ್ನು ನಡೆಸುವುದು ಕುರಿ, ಆಡುಗಳೇ. ಅಂಥ ಹಿಂಡಿಗೆ ಹಿರೇಬೇನೆ ಹೊಕ್ಕರೆ ಏನಾಗುತ್ತದೆ ಎಂಬುದನ್ನು ಕುರಿಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಸುಡುವ ಜ್ವರ. ಕುರಿ ಮೇವು ಬಿಟ್ಟು, ತಲೆ ತಗ್ಗಿಸಿ ನಿಲ್ಲುತ್ತದೆ. ಕಣ್ಣು, ಮೂಗಿನಿಂದ ನೀರು ಸುರಿಯುತ್ತದೆ, ಅದೇ ಮುಂದೆ ಗಟ್ಟಿಯಾಗಿ ಮೂಗಿನ ಹೊಳ್ಳೆಗಳನ್ನು ಕಟ್ಟುತ್ತದೆ. ತುಟಿ ಸರಿಸಿ ನೋಡಿದರೆ ಒಸಡು, ನಾಲಿಗೆಯ ಮೇಲೆ ಬಿಳಿಚಿದ ಸತ್ತ ಪದರ, ಬಾಯಿಂದ ದುರ್ವಾಸನೆ. ಆಮೇಲೆ ಭೇದಿ, ಕೆಮ್ಮು, ಉಸಿರಾಟದ ಕಷ್ಟ. ಮರಿಗಳೇ ಮೊದಲು ಬಲಿಯಾಗುತ್ತವೆ. ಪಶುವೈದ್ಯರು ಇದನ್ನು ಪಿಪಿಆರ್ ಎನ್ನುತ್ತಾರೆ. ಹಿಂಡಿನಲ್ಲಿ ಇದು ನಡೆಯುವಾಗಲೇ ನಗರದ ಆರೋಗ್ಯ ಕೇಂದ್ರದಲ್ಲಿ ಒಂಬತ್ತು ತಿಂಗಳು ತುಂಬಿದ ಕೂಸಿಗೆ ದಡಾರದ ಚುಚ್ಚುಮದ್ದು ಕೊಡುತ್ತಿರುತ್ತಾರೆ. ಒಂದು ಪಶುಸಂಗೋಪನೆ ಇಲಾಖೆಯ ಕೆಲಸ, ಇನ್ನೊಂದು ಆರೋಗ್ಯ ಇಲಾಖೆಯದು. ಕಡತ ಬೇರೆ, ಲಸಿಕೆ ಬೇರೆ, ಅಧಿಕಾರಿಗಳೂ ಬೇರೆ. ಆದರೆ ಎರಡೂ ಕಡೆಯ ವೈರಿ ಒಂದೇ ಮನೆತನದ್ದು. ಪ್ರಾಣಿಗಳ ಮತ್ತು ಮನುಷ್ಯರ ವೈರಸ್‌ಗಳು ಹೇಗೆ ಕವಲೊಡೆದು ಬಂದವು ಎಂದು ಹುಡುಕಿದ ವಿಜ್ಞಾನಿಗಳು ಇದನ್ನು ಸಾಕ್ಷಿಸಮೇತ ತೋರಿಸಿದ್ದಾರೆ. ಆ ಅರಿವನ್ನು ಪ್ರಯೋಗಾಲಯದಲ್ಲೇ ಬಿಟ್ಟರೆ ನಷ್ಟ ನಮ್ಮದು. ಏಕೆಂದರೆ ಕುರಿಯ ಬೇನೆಯನ್ನು ತೊಲಗಿಸದೆ ಮಗುವಿನ ಬೇನೆಯ ಲೆಕ್ಕ ಪೂರ್ತಿ ಚುಕ್ತಾ ಆಗುವುದಿಲ್ಲ.

ವಂಶಾವಳಿ ಓದುವ ಬಗೆ

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬಂದು, ಯಾವ ಮನೆತನ ಎಲ್ಲಿಂದ ಬಂತು, ಅಣ್ಣತಮ್ಮಂದಿರು ಯಾವ ತಲೆಮಾರಿನಲ್ಲಿ ಬೇರೆಯಾದರು ಎಂದು ವಂಶಾವಳಿ ಹೇಳುತ್ತಾರೆ. ವೈರಸ್‌ಗಳ ವಿಕಾಸವನ್ನು ಓದುವವರ ಕೆಲಸವೂ ಹೆಚ್ಚುಕಡಿಮೆ ಅದೇ. ಅವರ ಬಳಿ ಇರುವ ದಫ್ತರ ಮಾತ್ರ ಆರ್‌ಎನ್‌ಎ. ದಡಾರದ ವೈರಸ್ಸಿನ ಇಡೀ ಆನುವಂಶಿಕ ಬರಹದಲ್ಲಿ 15,894 ಅಕ್ಷರಗಳಿವೆ. ದನಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟ್‌ನ ವೈರಸ್ಸಿನಲ್ಲಿ 15,882. ಕುರಿ, ಆಡುಗಳ ಹಿರೇಬೇನೆಯ ವೈರಸ್ಸಿನಲ್ಲಿ 15,948. ಈ ಮೂರು ಸಂಖ್ಯೆಗಳನ್ನು ಆರರಿಂದ ಭಾಗಿಸಿ ನೋಡಿ; ಒಂದರಲ್ಲೂ ಶೇಷ ಉಳಿಯುವುದಿಲ್ಲ. ಇದು ಕಾಕತಾಳೀಯವಲ್ಲ. ಈ ವೈರಸ್‌ಗಳ ಆರ್‌ಎನ್‌ಎ ಎಳೆಯನ್ನು ಉದ್ದಕ್ಕೂ ಒಂದು ಪ್ರೋಟೀನ್ ಹೊದ್ದಿರುತ್ತದೆ. ಅದರ ಒಂದೊಂದು ಅಣುವೂ ಸರಿಯಾಗಿ ಆರು ಅಕ್ಷರಗಳನ್ನು ಮುಚ್ಚುತ್ತದೆ. ಲೆಕ್ಕ ತಪ್ಪಿದರೆ ವೈರಸ್ ತನ್ನ ಪ್ರತಿ ತೆಗೆಯಲಾರದು. ಆರರ ಈ ಕಟ್ಟಳೆ ಇವುಗಳ ದೂರದ ಬಂಧುಗಳಲ್ಲೂ ಇದೆ. ಈ ಮೂರರ ನಡುವಿನ ಸಾಮ್ಯ ಅದಕ್ಕಿಂತ ಬಹಳ ಹತ್ತಿರದ್ದು. ಮೂರರಲ್ಲೂ ಆರು ವಂಶವಾಹಿಗಳು ಒಂದೇ ಕ್ರಮದಲ್ಲಿ ಜೋಡಣೆಯಾಗಿವೆ. ನಾಯಿಗಳ ಡಿಸ್ಟೆಂಪರ್ ಕೂಡ ಇದೇ ಮನೆತನದ ಇನ್ನೊಂದು ಕವಲು. ಅಕ್ಷರ ಅಕ್ಷರವನ್ನು ಹೋಲಿಸಿದಾಗ ದಡಾರದ ವೈರಸ್ಸಿಗೆ ಅತಿ ಸಮೀಪದ ಒಡಹುಟ್ಟು ಮನುಷ್ಯರ ಬೇರಾವ ವೈರಸ್ಸೂ ಅಲ್ಲ, ದನಗಳ ದೊಡ್ಡರೋಗದ್ದೇ. ಅವೆರಡಕ್ಕೂ ಹತ್ತಿರದ ದಾಯಾದಿ ಕುರಿಯ ಹಿರೇಬೇನೆ. ದನ, ಕುರಿ ಎರಡೂ ಮೆಲುಕು ಹಾಕುವ ಪ್ರಾಣಿಗಳು. ಹಾಗಾಗಿ ಮೂಲ ವೈರಸ್ ಅಂಥ ಪ್ರಾಣಿಗಳಲ್ಲಿತ್ತು, ಅಲ್ಲಿಂದ ಒಂದು ಕವಲು ಮನುಷ್ಯರ ಕಡೆ ದಾಟಿತು ಎಂಬ ವಿವರಣೆಯೇ ಸಾಕ್ಷ್ಯಕ್ಕೆ ಚೆನ್ನಾಗಿ ಹೊಂದುತ್ತದೆ. ಜೀನ್ ಓದುವ ಯಂತ್ರಗಳು ಬರುವ ಮೊದಲೇ ಪಶುವೈದ್ಯರಿಗೆ ಈ ನಂಟಿನ ಸುಳಿವಿತ್ತು. ದಡಾರದ ಲಸಿಕೆ ಕೊಟ್ಟರೆ ನಾಯಿಮರಿಗಳಿಗೆ ಡಿಸ್ಟೆಂಪರ್‌ನಿಂದ ರಕ್ಷಣೆ ಸಿಗುತ್ತಿತ್ತು. ದೊಡ್ಡರೋಗದ ಲಸಿಕೆಯನ್ನು ಆಫ್ರಿಕಾದಲ್ಲಿ ಆಡುಗಳ ಹಿರೇಬೇನೆಗೂ ಬಳಸಿದ್ದರು.

ಕವಲು ಒಡೆದದ್ದು ಯಾವಾಗ? ಈ ಪ್ರಶ್ನೆಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ಬರ್ಲಿನ್ನಿನ ಒಂದು ಗಾಜಿನ ಭರಣಿಯಲ್ಲಿತ್ತು. 1912ರ ಜೂನ್‌ನಲ್ಲಿ ಅಲ್ಲಿನ ಶಾರಿಟೆ ಆಸ್ಪತ್ರೆಯಲ್ಲಿ ಎರಡು ವರ್ಷದ ಹೆಣ್ಣುಮಗುವೊಂದು ದಡಾರದಿಂದ ಉಂಟಾದ ನ್ಯುಮೋನಿಯಾಕ್ಕೆ ಬಲಿಯಾಯಿತು. ವೈದ್ಯರು ಅದರ ಶ್ವಾಸಕೋಶವನ್ನು ಫಾರ್ಮಲಿನ್‌ನಲ್ಲಿ ಇಟ್ಟರು. ನೂರು ವರ್ಷ ದಾಟಿದ ಮೇಲೆ ರಾಬರ್ಟ್ ಕಾಖ್ ಸಂಸ್ಥೆಯ ವಿಜ್ಞಾನಿಗಳು ಆ ಅಂಗಾಂಶದ ಚಿಕ್ಕ ತುಣುಕುಗಳಿಂದ ಆರ್‌ಎನ್‌ಎ ಬೇರ್ಪಡಿಸಿ, 1912ರ ದಡಾರದ ವೈರಸ್ಸಿನ ಬರಹವನ್ನು ಮತ್ತೆ ಜೋಡಿಸಿದರು. ಅದನ್ನು ಈಚಿನ ವೈರಸ್‌ಗಳ ಜೊತೆ, ದೊಡ್ಡರೋಗ ಮತ್ತು ಹಿರೇಬೇನೆಯ ವೈರಸ್‌ಗಳ ಜೊತೆ ಹೋಲಿಸಿ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ದಡಾರ ಮತ್ತು ದೊಡ್ಡರೋಗದ ವೈರಸ್‌ಗಳು ಬೇರೆಯಾದದ್ದು ಕ್ರಿಸ್ತಪೂರ್ವ ಆರನೆಯ ಶತಮಾನದ ಆಸುಪಾಸಿನಲ್ಲಿ ಎಂಬುದು ಅವರ ಅಂದಾಜು. ಆದರೆ ಅದಕ್ಕೂ ಕೇವಲ ಹತ್ತು ವರ್ಷ ಮೊದಲು, 2010ರಲ್ಲಿ, ಇನ್ನೊಂದು ತಂಡ ಇದೇ ಕವಲಿಗೆ ಕ್ರಿಸ್ತಶಕ 11–12ನೆಯ ಶತಮಾನ ಎಂದು ಹೇಳಿತ್ತು. ಒಂದೂವರೆ ಸಾವಿರಕ್ಕೂ ಹೆಚ್ಚು ವರ್ಷಗಳ ವ್ಯತ್ಯಾಸ! ಇಂಥ ಲೆಕ್ಕವನ್ನು ನಂಬುವುದು ಹೇಗೆ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಉತ್ತರ ವಿಕಾಸದ ಕ್ರಮದಲ್ಲೇ ಇದೆ. ವೈರಸ್ಸಿನಲ್ಲಿ ಇಂದು ಕಾಣುವ ಎಷ್ಟೋ ಬದಲಾವಣೆಗಳು ಅದಕ್ಕೇ ಹಾನಿಕರ. ಕಾಲಕ್ರಮದಲ್ಲಿ ಅವು ಅಳಿಸಿಹೋಗುತ್ತವೆ. ಕೆಲವೇ ದಶಕಗಳ ಮಾದರಿಗಳನ್ನು ನೋಡಿ ಬದಲಾವಣೆಯ ವೇಗ ಅಳೆದರೆ, ಮುಂದೆ ಅಳಿಯಲಿರುವವೂ ಲೆಕ್ಕಕ್ಕೆ ಸೇರಿ ವೇಗ ಹೆಚ್ಚೆಂದು ತೋರುತ್ತದೆ, ಕವಲಿನ ಕಾಲ ಈಚಿನದೆಂದು ಕಾಣುತ್ತದೆ. ಹಳೆಯ ಮಾದರಿ ಸಿಕ್ಕಿದಾಗ, ಅಳಿಸುವ ಈ ಕ್ರಿಯೆಯನ್ನೂ ಲೆಕ್ಕಕ್ಕೆ ಹಿಡಿದಾಗ, ಕಾಲ ಹಿಂದೆ ಸರಿಯಿತು. ಅಂದಾಜಿನ ವ್ಯಾಪ್ತಿಯನ್ನು ಬರ್ಲಿನ್ನಿನ ಮಾದರಿ ಓದಿದ ವಿಜ್ಞಾನಿಗಳೇ ಬಚ್ಚಿಡದೆ ಹೇಳಿದ್ದಾರೆ: ಕ್ರಿಸ್ತಪೂರ್ವ 12ನೆಯ ಶತಮಾನದಿಂದ ಕ್ರಿಸ್ತಶಕ ಎರಡನೆಯ ಶತಮಾನದವರೆಗೆ ಯಾವಾಗಲಾದರೂ ಆಗಿರಬಹುದು. ಇನ್ನೊಂದು ಎಚ್ಚರಿಕೆಯೂ ಬೇಕು. ಕವಲು ಒಡೆದ ಕಾಲ ಎಂದರೆ ಮನುಷ್ಯರಿಗೆ ದಾಟಿದ ಕಾಲವೇ ಅಲ್ಲ. ದಾಟಿದ್ದು ಅದಾದ ಎಷ್ಟೋ ಕಾಲದ ನಂತರವೂ ಇರಬಹುದು. ಆದರೆ ಎರಡೂ ತಂಡಗಳ ಲೆಕ್ಕದಲ್ಲಿ ಬದಲಾದದ್ದು ಕಾಲ, ನಂಟಲ್ಲ. ಯಾರು ಯಾರ ಬಂಧು ಎಂಬ ವಿಷಯದಲ್ಲಿ ಎರಡೂ ಅಧ್ಯಯನಗಳದು ಒಂದೇ ಮಾತು. ಈ ಲೇಖನದ ವಾದ ನಿಂತಿರುವುದು ಆ ನಂಟಿನ ಮೇಲೆ.

ಊರು ದೊಡ್ಡದಾದಂತೆ, ಹಿಂಡು ಕೂಡಿದಂತೆ

ವೈರಸ್ ದಾಟುವುದು ಒಂದು, ದಾಟಿ ನೆಲೆಯೂರುವುದು ಇನ್ನೊಂದು. ದಡಾರ ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ. ಆದ್ದರಿಂದ ಅದು ಬದುಕಿ ಉಳಿಯಲು ಇನ್ನೂ ರೋಗ ತಗಲದ ಮಕ್ಕಳು ಒಂದೇ ಸಮನೆ ಹುಟ್ಟುತ್ತಿರಬೇಕು. ಬ್ರಿಟನ್ ಮತ್ತು ಅಮೆರಿಕದ ಪಟ್ಟಣಗಳ, ದ್ವೀಪಗಳ ದಾಖಲೆಗಳನ್ನು 1950–60ರ ದಶಕಗಳಲ್ಲಿ ಪರಿಶೀಲಿಸಿದವರು ಒಂದು ಮಿತಿ ಕಂಡರು: ಎರಡೂವರೆ ಲಕ್ಷದಿಂದ ಐದು ಲಕ್ಷ ಜನ ಒತ್ತಾಗಿ ಬಾಳುವಲ್ಲಿ ಮಾತ್ರ ದಡಾರ ಹೊರಗಿನ ಆಸರೆಯಿಲ್ಲದೆ ಮುಂದುವರಿಯುತ್ತದೆ. ಸಣ್ಣ ಊರಿಗೆ ಬಂದರೆ ಎಲ್ಲರನ್ನೂ ಸುತ್ತಿ, ತಗುಲಲು ಯಾರೂ ಉಳಿಯದೆ ನಂದಿಹೋಗುತ್ತದೆ. ಕ್ರಿಸ್ತಪೂರ್ವ ಆರನೆಯ ಶತಮಾನದ ಹೊತ್ತಿಗೆ ಗಂಗಾ ಬಯಲು, ಚೀನಾ, ಪಶ್ಚಿಮ ಏಷ್ಯಾಗಳಲ್ಲಿ ದೊಡ್ಡ ನಗರಗಳು ಬೆಳೆಯುತ್ತಿದ್ದವು. ದನಕರುಗಳ ಜೊತೆಗಿನ ಬಾಳ್ವೆ ಅದಕ್ಕೂ ಸಾವಿರಾರು ವರ್ಷ ಹಳೆಯದು. ದನ ಬಹು ಹಿಂದಿನಿಂದ ಇತ್ತು. ಹೊಸದಾಗಿ ಬಂದದ್ದು ನಗರ. ಇದನ್ನು ನಮ್ಮ ನೆಲಕ್ಕೆ ಹಚ್ಚಿ ನೋಡಬಹುದು. 2011ರ ಜನಗಣತಿಯಲ್ಲೇ ವಿಜಯಪುರ ನಗರದ ಜನಸಂಖ್ಯೆ ಮೂರು ಲಕ್ಷ ದಾಟಿತ್ತು, ಜಿಲ್ಲೆಯದು 21 ಲಕ್ಷ ಮೀರಿತ್ತು. ಲಸಿಕೆ ಇಲ್ಲದಿದ್ದರೆ ದಡಾರ ನೆಲೆಯೂರಲು ನಗರವೊಂದೇ ಸಾಕಾಗುವಷ್ಟು ದೊಡ್ಡದು. ತಿಕೋಟಾ, ಬಬಲೇಶ್ವರಗಳು ಅಷ್ಟು ದೊಡ್ಡವಲ್ಲ, ಆದರೆ ದಿನವೂ ಸಂತೆ, ಶಾಲೆ, ಆಸ್ಪತ್ರೆಗೆಂದು ನಗರಕ್ಕೆ ಹೋಗಿಬರುವ ಜನರಿಂದ ಅವೂ ಅದೇ ಜಾಲದೊಳಗಿವೆ.

ಹಿಂಡಿನ ಲೆಕ್ಕವೂ ಇದೇ. ಹಿರೇಬೇನೆಯಿಂದ ಬದುಕಿದ ಕುರಿಗೆ ಅದು ಮತ್ತೆ ಬರುವುದಿಲ್ಲ. ಒಂದೇ ಕಡೆ ಕಟ್ಟಿ ಸಾಕಿದ ಹತ್ತು ಕುರಿಗಳಲ್ಲಿ ವೈರಸ್ ಬೇಗ ಮುಗಿದುಹೋಗುತ್ತದೆ. ಆದರೆ ಮೇವು ಹುಡುಕಿಕೊಂಡು ಜತ್ತ, ಸೊಲ್ಲಾಪುರದ ಕಡೆಗೂ ಕೃಷ್ಣೆಯ ದಂಡೆಗೂ ಹಿಂಡುಗಳು ಸಾಗುವ ಈ ಸೀಮೆಯಲ್ಲಿ, ದಾರಿಯಲ್ಲಿ ಹಿಂಡು ಹಿಂಡಿಗೆ ಕೂಡುವಲ್ಲಿ, ಸಂತೆಯಲ್ಲಿ ಕೊಂಡ ಮರಿ ಹೊಸ ಹಟ್ಟಿಗೆ ಸೇರುವಲ್ಲಿ ವೈರಸ್ಸಿಗೆ ಹೊಸ ಮರಿಗಳು ಸಿಗುತ್ತಲೇ ಇರುತ್ತವೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಗೆ ಮೂರು, ನಾಲ್ಕು ತಿಂಗಳು. ಅದಾದ ಮೇಲೆ ಲಸಿಕೆ. ಮನುಷ್ಯರ ಕೂಸಿಗೆ ತಾಯಿಯಿಂದ ಬಂದ ರಕ್ಷಣೆ ಕರಗಲು ಕಾದು ಒಂಬತ್ತು ತಿಂಗಳಿಗೆ ಮೊದಲ ಸೂಜಿ. ಅವಧಿ ಬೇರೆ, ಕಾರಣ ಒಂದೇ. ಒಂದೇ ಬಗೆಯ ವೈರಸ್, ಒಂದೇ ಬಗೆಯ ನಡವಳಿಕೆ. ಒಂದನ್ನು ತಡೆದ ಅನುಭವ ಇನ್ನೊಂದಕ್ಕೆ ಪಾಠವಾಗುವುದು ಹೀಗೆ.

ದೊಡ್ಡರೋಗ ತೊಲಗಿದ ದಾರಿ

ಆ ಪಾಠದ ದೊಡ್ಡ ಭಾಗ ಬರೆದದ್ದು ನಮ್ಮ ದೇಶದಲ್ಲೇ. ಎತ್ತು, ಎಮ್ಮೆಗಳನ್ನು ಊರೂರೇ ಬರಿದುಮಾಡುತ್ತಿದ್ದ ದೊಡ್ಡರೋಗದ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗ 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಆರಂಭವಾದ ಪಶುರೋಗ ಪ್ರಯೋಗಾಲಯ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ ಅದೇ. ಅಲ್ಲಿ 1920ರ ದಶಕದಲ್ಲಿ ಜೆ.ಟಿ. ಎಡ್ವರ್ಡ್ಸ್ ದನದ ವೈರಸ್ಸನ್ನು ಆಡಿನಿಂದ ಆಡಿಗೆ ಮತ್ತೆ ಮತ್ತೆ ದಾಟಿಸಿದರು. ವೈರಸ್ ಆಡಿನ ಮೈಗೆ ಒಗ್ಗುತ್ತ ಹೋದಂತೆ ದನವನ್ನು ಕೊಲ್ಲುವ ಕಸುವು ಕಳೆದುಕೊಂಡಿತು, ಆದರೆ ರಕ್ಷಣೆ ಹುಟ್ಟಿಸುವ ಗುಣ ಉಳಿಯಿತು. ಅದು ಲಸಿಕೆಯಾಯಿತು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಸುಮಾರು 90 ಬಾರಿ ವೈರಸ್ಸನ್ನು ಬೆಳೆಸಿ ಇನ್ನೂ ಸುರಕ್ಷಿತ ಲಸಿಕೆ ತಯಾರಿಸಿದರು. ದಡಾರದ ಲಸಿಕೆಯ ಹುಟ್ಟೂ ಹೀಗೆಯೇ: 1954ರಲ್ಲಿ ರೋಗಿಯಿಂದ ತೆಗೆದ ಎಡ್ಮನ್‌ಸ್ಟನ್ ತಳಿಯನ್ನು ಕೋಳಿಯ ಭ್ರೂಣದ ಜೀವಕೋಶಗಳಿಗೆ ಒಗ್ಗಿಸಿ ದುರ್ಬಲಗೊಳಿಸಿದರು, 1963ರಲ್ಲಿ ಅದು ಬಳಕೆಗೆ ಬಂತು. ವಿಕಾಸದ ಅಧ್ಯಯನ ಹಳೆಯ ಕಾಲದ ಕುತೂಹಲ ಮಾತ್ರ ಎನ್ನುವವರು ಇದನ್ನು ಗಮನಿಸಬೇಕು. ಇವತ್ತು ವಿಜಯಪುರದ ಕೂಸಿನ ತೋಳಿಗೆ ಸೇರುವ ಲಸಿಕೆ, ಮನುಷ್ಯ ತನ್ನ ಹಿತಕ್ಕೆ ದಿಕ್ಕು ತೋರಿಸಿ ನಡೆಸಿದ ವಿಕಾಸದ ಫಲ.

ಭಾರತದಲ್ಲಿ 1992ರಿಂದ ರಾಷ್ಟ್ರೀಯ ದೊಡ್ಡರೋಗ ನಿರ್ಮೂಲನ ಯೋಜನೆ ಬಿಗಿಯಾಗಿ ನಡೆಯಿತು. ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2006ರಲ್ಲಿ ಭಾರತ ಈ ಸೋಂಕಿನಿಂದ ಮುಕ್ತವೆಂಬ ಮಾನ್ಯತೆ ಪಡೆಯಿತು; 2011ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ನೆಲದಿಂದ ಅಳಿಸಿದ ಎರಡನೆಯ ರೋಗ ಇದು. ಖಿಲಾರಿ ಎತ್ತುಗಳ ಈ ನಾಡಿನಲ್ಲಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಜಾನುವಾರು ಹೊಡೆದುಕೊಂಡು ಬರುವ ರೈತರ ಹೊಸ ತಲೆಮಾರಿಗೆ ದೊಡ್ಡರೋಗದ ನೆನಪೇ ಇಲ್ಲ. ಆ ಮರೆವು ಲಸಿಕೆ ಹಾಕಿದವರ, ರಕ್ತದ ಮಾದರಿ ತೆಗೆದು ಊರೂರು ಅಲೆದವರ ದುಡಿಮೆಯ ಫಲ.

ತೆರವಾದ ಜಾಗಕ್ಕೆ ಬಂದ ದಾಯಾದಿ

ದೊಡ್ಡರೋಗ ಹಿಂದೆ ಸರಿಯುತ್ತಿದ್ದ ಹೊತ್ತಿನಲ್ಲೇ ಅದರ ದಾಯಾದಿ ಭಾರತದಲ್ಲಿ ಗುರುತಿಗೆ ಬಂತು. 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕುರಿಗಳಿಗೆ ತಗುಲಿದ ರೋಗ ದೊಡ್ಡರೋಗವಲ್ಲ, ಹಿರೇಬೇನೆ ಎಂಬುದು ಪ್ರಯೋಗಾಲಯದಲ್ಲಿ ಖಚಿತವಾಯಿತು. 1989ರಲ್ಲಿ ಇದನ್ನು ಪ್ರಕಟಿಸಿದ ತಂಡದ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈರಸ್ ತಜ್ಞೆ ಎಂ.ಎಸ್. ಶೈಲಾ. ಅದುವರೆಗೆ ದಕ್ಷಿಣ ಭಾರತದಲ್ಲಿ ಕುರಿ, ಆಡುಗಳಿಗೆ ಇಂಥ ಲಕ್ಷಣ ಕಂಡಾಗ ದೊಡ್ಡರೋಗವೆಂದೇ ಬರೆದುಕೊಳ್ಳುತ್ತಿದ್ದರು. ಅವುಗಳಲ್ಲಿ ಎಷ್ಟೋ ನಿಜವಾಗಿ ಹಿರೇಬೇನೆಯೇ ಆಗಿದ್ದಿರಬೇಕೆಂದು ಮುಂದೆ ತಜ್ಞರು ಅಭಿಪ್ರಾಯಪಟ್ಟರು. 1996ರಲ್ಲಿ ಶೈಲಾ ಮತ್ತು ಬ್ರಿಟನ್, ಆಫ್ರಿಕಾಗಳ ಸಹೋದ್ಯೋಗಿಗಳು ಬೇರೆ ಬೇರೆ ದೇಶಗಳ ಹಿರೇಬೇನೆ ವೈರಸ್‌ಗಳ ಒಂದು ವಂಶವಾಹಿಯ ತುಣುಕನ್ನು ಹೋಲಿಸಿ, ಇಡೀ ಕುಲವನ್ನು ನಾಲ್ಕು ಕವಲುಗಳಾಗಿ ವಿಂಗಡಿಸಿದರು. ಆಗ ನಾಲ್ಕನೆಯ ಕವಲು ಏಷ್ಯಾದ್ದು. ಈ ಪಟ್ಟಿ ಇದ್ದುದರಿಂದಲೇ 2008ರಲ್ಲಿ ಮೊರಾಕ್ಕೊದಲ್ಲಿ ರೋಗ ಎದ್ದಾಗ, ಅದು ಪಕ್ಕದ ಪಶ್ಚಿಮ ಆಫ್ರಿಕಾದ ಹಳೆಯ ಕವಲಲ್ಲ, ಏಷ್ಯಾದ ಕಡೆಯ ನಾಲ್ಕನೆಯದು ಎಂದು ಗೊತ್ತಾಯಿತು. ಇದೇ ಸಂಸ್ಥೆಯಲ್ಲಿ ಶೈಲಾ ಮತ್ತು ಸಸ್ಯವಿಜ್ಞಾನಿ ಜಿ. ಲಕ್ಷ್ಮೀ ಸೀತಾ ಅವರ ತಂಡ ದೊಡ್ಡರೋಗದ ವೈರಸ್ಸಿನ ಹೊರಮೈ ಪ್ರೋಟೀನನ್ನು ಶೇಂಗಾ ಮತ್ತು ತೊಗರಿ ಗಿಡಗಳಲ್ಲಿ ಬೆಳೆಸಿತ್ತು. ಅಂಥ ಶೇಂಗಾ ಗಿಡದ ಎಲೆ ತಿಂದ ದನಗಳಲ್ಲಿ ಪ್ರತಿರೋಧದ ಲಕ್ಷಣ ಕಂಡಿತ್ತು. ಅಷ್ಟರಲ್ಲಿ ದೊಡ್ಡರೋಗವೇ ಅಳಿದಿದ್ದರಿಂದ ಅದು ಹೊಲಕ್ಕೆ ಬರಬೇಕಾದ ಅಗತ್ಯವೇ ಬೀಳಲಿಲ್ಲ. ಆದರೆ ನಮ್ಮ ತೊಗರಿ, ಶೇಂಗಾ ಹೊಲಗಳ ಬೆಳೆಯನ್ನೇ ಜಾನುವಾರು ಲಸಿಕೆಗೆ ಯೋಚಿಸಿದ ವಿಜ್ಞಾನ ಇಲ್ಲೇ ಬೆಳೆಯಿತು ಎಂಬುದು ನೆನಪಿಡಬೇಕಾದ ಮಾತು.

ದೊಡ್ಡರೋಗ ಹೋದದ್ದಕ್ಕೂ ಹಿರೇಬೇನೆ ಹರಡಿದ್ದಕ್ಕೂ ಸಂಬಂಧವಿದೆಯೇ? ಇದೆ ಎನ್ನುವ ತಜ್ಞರು ಹೀಗೆ ವಾದಿಸುತ್ತಾರೆ: ಹಿಂದೆ ದೊಡ್ಡರೋಗದ ಸೋಂಕು ತಗುಲಿದ ಅಥವಾ ಲಸಿಕೆ ಬಿದ್ದ ಕುರಿ, ಆಡುಗಳಿಗೆ ದಾಯಾದಿಯಿಂದಲೂ ರಕ್ಷಣೆ ಸಿಗುತ್ತಿತ್ತು, ಅವೆರಡೂ ನಿಂತ ಮೇಲೆ ಹಿರೇಬೇನೆಗೆ ದಾರಿ ತೆರವಾಯಿತು. ಇದಕ್ಕೆ ಎದುರು ವಾದವೂ ಇದೆ. ಪರೀಕ್ಷೆಗಳು ಸುಧಾರಿಸಿದ್ದರಿಂದ ಮೊದಲೇ ಇದ್ದ ರೋಗ ಈಗ ಕಣ್ಣಿಗೆ ಬಿದ್ದಿರಬಹುದು. ಜಾನುವಾರು ಸಾಗಾಟ ಹೆಚ್ಚಿದ್ದೂ ಕಾರಣವಿರಬಹುದು. ಈ ಮೂರೂ ಒಟ್ಟಿಗೆ ಕೆಲಸ ಮಾಡಿರುವ ಸಾಧ್ಯತೆಯೇ ಹೆಚ್ಚು. ಯಾವುದರ ಪಾಲು ಎಷ್ಟೇ ಇರಲಿ, ಒಂದು ವೈರಸ್ಸನ್ನು ಅಳಿಸಿದಾಗ ಅದರ ಬಂಧುಗಳ ಕಡೆ ಕಣ್ಣಿಡಬೇಕು ಎಂಬ ಎಚ್ಚರ ಮೂರರಿಂದಲೂ ಹೊರಡುತ್ತದೆ.

ಕುರಿಗಾರರಿಗೆ ಇದರಿಂದೇನು?

ಕುರಿಗಾರರಿಗೆ ಬೇಕಾದದ್ದು ಸಮಯಕ್ಕೆ ಲಸಿಕೆ ಮತ್ತು ಕೈಗೆ ಸಿಗುವ ಪಶುವೈದ್ಯರು, ವೈರಸ್ಸಿನ ವಂಶಾವಳಿಯಲ್ಲ ಎಂಬ ಆಕ್ಷೇಪ ಬರುತ್ತದೆ. ಲಸಿಕೆ, ವೈದ್ಯರು ಮೊದಲು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಲಸಿಕೆ ಎಂಬುದನ್ನು ತೀರ್ಮಾನಿಸುವುದೇ ವಂಶಾವಳಿ. ಹಿರೇಬೇನೆಯಲ್ಲಿ ಕವಲು ನಾಲ್ಕಿದ್ದರೂ ರೋಗನಿರೋಧಕ ಶಕ್ತಿಯ ಕಣ್ಣಿಗೆ ಅವೆಲ್ಲ ಒಂದೇ. ಹಾಗಾಗಿ ಒಂದೇ ಲಸಿಕೆ ಎಲ್ಲದಕ್ಕೂ ಸಾಕು, ಒಮ್ಮೆ ಹಾಕಿದರೆ ಕನಿಷ್ಠ ಮೂರು ವರ್ಷ ರಕ್ಷಣೆ. ಹೊಸ ಲಸಿಕೆಗೆ ಹಣ ಸುರಿಯಬೇಕಿಲ್ಲ ಎಂಬ ಭರವಸೆ ಕೊಟ್ಟದ್ದು ಇದೇ ಸಂಶೋಧನೆ. ಕಾಲುಬಾಯಿ ಬೇನೆಯ ಕಥೆ ಬೇರೆ. ಅದರ ಬಗೆಗಳು ಒಂದಕ್ಕೊಂದು ರಕ್ಷಣೆ ಕೊಡುವುದಿಲ್ಲ. 'ಸಿ' ಎಂಬ ಬಗೆ 1995ರ ನಂತರ ಭಾರತದಲ್ಲಿ ಕಾಣಲಿಲ್ಲವೆಂದು ಖಚಿತವಾದ ಮೇಲೆ 2003ರಲ್ಲಿ ಅದನ್ನು ಲಸಿಕೆಯಿಂದ ಕೈಬಿಟ್ಟು, ಉಳಿದ ಮೂರಕ್ಕೆ ಮಾತ್ರ ಈಗ ಲಸಿಕೆ ತಯಾರಾಗುತ್ತದೆ. ಇನ್ನು ಚರ್ಮಗಂಟು ರೋಗ. 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡ ಅದು 2022ರಲ್ಲಿ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಬಲಿ ತೆಗೆದುಕೊಂಡಿತು, ಉತ್ತರ ಕರ್ನಾಟಕದ ರೈತರಿಗೂ ಕಣ್ಣೀರು ತರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ಟಾಟು ಅವರ ತಂಡ ಕರ್ನಾಟಕ, ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನಗಳ 22 ಮಾದರಿಗಳ ಪೂರ್ಣ ಬರಹ ಓದಿ 2024ರಲ್ಲಿ ಪ್ರಕಟಿಸಿತು. 1,800ಕ್ಕೂ ಹೆಚ್ಚು ವ್ಯತ್ಯಾಸಗಳು ಸಿಕ್ಕವು. ಹರಡಿದ್ದು ಒಂದಲ್ಲ, ಎರಡು ಬಗೆಯ ವೈರಸ್. ಒಂದು 2019–20ರಲ್ಲಿ ಭಾರತದಲ್ಲಿದ್ದಂಥದ್ದು, ಇನ್ನೊಂದು 2015ರಲ್ಲಿ ರಷ್ಯಾದಲ್ಲಿ ಕಂಡದ್ದಕ್ಕೆ ಹತ್ತಿರದ್ದು. ಆ ರೋಗಕ್ಕೆ ಆರಂಭದಲ್ಲಿ ಕೊಟ್ಟದ್ದೂ ಬಂಧುವೈರಸ್ಸಿನ ಲಸಿಕೆಯೇ: ಆಡಿನ ಸಿಡುಬಿನದು.

ಹಿರೇಬೇನೆ ಮನುಷ್ಯರಿಗೆ ಬರುತ್ತದೆಯೇ ಎಂಬುದು ಮನೆಮಂದಿಯ ಮುಖ್ಯ ಪ್ರಶ್ನೆ. ಬರುವುದಿಲ್ಲ. ರೋಗದ ಹಿಂಡನ್ನು ಮೇಯಿಸಿದವರಿಗೂ, ಹಾಲು ಕುಡಿದವರಿಗೂ, ಮಾಂಸ ತಿಂದವರಿಗೂ ಅದು ತಗುಲಿದ ಉದಾಹರಣೆಯಿಲ್ಲ. ದಡಾರವೂ ಈಗ ಪೂರ್ತಿ ಮನುಷ್ಯರದೇ ರೋಗ; ಕುರಿಯಿಂದ ಮಗುವಿಗೆ ಹಬ್ಬುವುದಲ್ಲ. ಆದರೆ ಈ ಮನೆತನದ ವೈರಸ್‌ಗಳು ಹೊಸ ಪ್ರಾಣಿಗೆ ದಾಟುವ ಗುಣ ಕಳೆದುಕೊಂಡಿಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಸುಮಾರು ಮೂರನೇ ಒಂದು ಪಾಲು ಸಿಂಹಗಳನ್ನು ಕೊಂದಿತು. 2018ರಲ್ಲಿ ಗುಜರಾತಿನ ಗಿರ್ ಕಾಡಿನ ಸಿಂಹಗಳಿಗೂ ತಗುಲಿತು. ಈ ವೈರಸ್‌ಗಳೆಲ್ಲ ರೋಗನಿರೋಧಕ ಜೀವಕೋಶಗಳ ಮೇಲಿರುವ ಸ್ಲ್ಯಾಮ್ ಎಂಬ ಪ್ರೋಟೀನನ್ನು ಹಿಡಿದುಕೊಂಡು ಒಳನುಗ್ಗುತ್ತವೆ. ಕುರಿಯ ಸ್ಲ್ಯಾಮ್‌ಗೂ ಮನುಷ್ಯರದಕ್ಕೂ ಇರುವ ವ್ಯತ್ಯಾಸವೇ ಹಿರೇಬೇನೆಗೆ ಅಡ್ಡಿ. ಹಿರೇಬೇನೆ ವೈರಸ್ಸಿನ ಅಂಟುವ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಅದು ಮನುಷ್ಯರ ಸ್ಲ್ಯಾಮ್ ಅನ್ನೂ ಹಿಡಿಯಬಲ್ಲದು ಎಂದು 2018ರಲ್ಲಿ ಬ್ರಿಟನ್ನಿನ ಪ್ರಯೋಗಾಲಯದಲ್ಲಿ ತಿಳಿದುಬಂತು. ಜೀವಕೋಶಕ್ಕೆ ಅಂಟುವುದೊಂದೇ ರೋಗ ತರಲು ಸಾಲದು, ಇನ್ನೂ ಹಲವು ಅಡ್ಡಿಗಳಿವೆ. ಅವುಗಳಲ್ಲಿ ಗಟ್ಟಿಯಾದ ಒಂದು ಅಡ್ಡಿ ನಮ್ಮ ಮೈಯಲ್ಲೇ ಇದೆ: ದಡಾರದ ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ದಾಯಾದಿ ವೈರಸ್ಸನ್ನೂ ಗುರುತಿಸಬಲ್ಲವು.

ಈ ಲೇಖನದ ವಾದದ ತಿರುಳು ಇಲ್ಲಿದೆ. ದಡಾರದಿಂದ 2023ರಲ್ಲಿ ಜಗತ್ತಿನಲ್ಲಿ ಸುಮಾರು 1,07,500 ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಅದನ್ನು ಅಳಿಸಲೇಬೇಕು. ಸಿಡುಬು ಅಳಿದ ಮೇಲೆ ಸಿಡುಬಿನ ಲಸಿಕೆ ನಿಲ್ಲಿಸಿದಂತೆ, ದಡಾರ ಅಳಿದ ಮೇಲೆ ಅದರ ಲಸಿಕೆಯನ್ನೂ ನಿಲ್ಲಿಸೋಣ ಎಂಬ ಮಾತು ಒಂದು ದಿನ ಬಂದೇ ಬರುತ್ತದೆ. ಆ ದಿನ ಕುರಿ, ಆಡುಗಳಲ್ಲಿ ಹಿರೇಬೇನೆ ಇನ್ನೂ ಹರಿದಾಡುತ್ತಿದ್ದರೆ, ಈ ಮನೆತನದ ವಿರುದ್ಧ ಯಾವ ರಕ್ಷಣೆಯೂ ಇಲ್ಲದ ಮಕ್ಕಳ ತಲೆಮಾರನ್ನು ನಾವೇ ಅದರ ಎದುರು ನಿಲ್ಲಿಸಿದಂತಾಗುತ್ತದೆ. ಆದ್ದರಿಂದ ಕೆಲಸಕ್ಕೊಂದು ಕ್ರಮವಿದೆ: ಮೊದಲು ಹಿಂಡಿನಿಂದ ಹಿರೇಬೇನೆ ಹೋಗಬೇಕು, ಆಮೇಲೆ ದಡಾರದ ಲಸಿಕೆ ನಿಲ್ಲಿಸುವ ಮಾತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ವಿಶ್ವ ಪಶು ಆರೋಗ್ಯ ಸಂಸ್ಥೆ ಹಿರೇಬೇನೆಯನ್ನು 2030ರೊಳಗೆ ಅಳಿಸುವ ಗುರಿ ಇಟ್ಟಿವೆ. ಕುರಿಗಾರರ ಬದುಕಿಗಾಗಿ ಅದು ಬೇಕು. ಮಕ್ಕಳ ನಾಳೆಗಾಗಿಯೂ ಬೇಕು.

ಇನ್ನೆರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಮುಂದೆ ಯಾವ ವೈರಸ್ ದಾಟುತ್ತದೆಂದು ಯಾರೂ ಮೊದಲೇ ಹೇಳಲಾರರು, ಹಾಗಿದ್ದ ಮೇಲೆ ಈ ಖಟಾಟೋಪ ಏಕೆ ಎನ್ನುವವರಿದ್ದಾರೆ. ಭವಿಷ್ಯ ನುಡಿಯಲಾಗದು ಎಂಬುದು ನಿಜ. ಅದಕ್ಕೇ ಬೇಗ ಗುರುತಿಸುವುದು ಮುಖ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದನ್ನು ಕಡೆಗಣಿಸದೆ ಹಿಂಬಾಲಿಸಿದ್ದರಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮಂಗನ ಕಾಯಿಲೆಯ ಮೂಲ ಸಿಕ್ಕಿತು. ಪ್ರಾಣಿಯ ಸಾವು ಮನುಷ್ಯರಿಗೆ ಮೊದಲ ಸೂಚನೆಯಾಗಬಲ್ಲದು ಎಂಬುದನ್ನು ಕರ್ನಾಟಕಕ್ಕಿಂತ ಚೆನ್ನಾಗಿ ಅರಿತ ನಾಡು ಇನ್ನೊಂದಿರಲಾರದು. ಎರಡನೆಯದು, ಇಂಥ ಮಾತಿನಿಂದ ಕುರಿಗಾರರ ಮೇಲೆ ಅಪವಾದ ಬೀಳುತ್ತದೆ, ಮಾರಾಟ ಕುಸಿಯುತ್ತದೆ ಎಂಬ ಆತಂಕ. ಈ ಆತಂಕವನ್ನು ಹಗುರವಾಗಿ ನೋಡುವಂತಿಲ್ಲ. ಅಪವಾದಕ್ಕೆ ಹೆದರಿದವರು ರೋಗ ಮುಚ್ಚಿಡುತ್ತಾರೆ, ಸಾಯುವ ಮೊದಲು ಕುರಿಗಳನ್ನು ಸಿಕ್ಕ ಬೆಲೆಗೆ ಮಾರುತ್ತಾರೆ, ರೋಗ ಇನ್ನೊಂದು ತಾಲ್ಲೂಕಿಗೆ ಹೋಗುತ್ತದೆ. ಅದಕ್ಕೆ ಮದ್ದು ಮೌನವಲ್ಲ. ರೋಗ ತಿಳಿಸಿದ ಕುರಿಗಾರರಿಗೆ ನಷ್ಟ ಪರಿಹಾರ ತಡವಿಲ್ಲದೆ ಸಿಗಬೇಕು, ಹಿರೇಬೇನೆ ಮನುಷ್ಯರಿಗೆ ಬರುವುದಿಲ್ಲವೆಂದು ಇಲಾಖೆಯೇ ಬಹಿರಂಗವಾಗಿ ಹೇಳಬೇಕು. ಹಿಂಡಿನ ಜೊತೆ ಹಗಲಿರುಳು ಇರುವವರೇ ರೋಗವನ್ನು ಎಲ್ಲರಿಗಿಂತ ಮೊದಲು ಕಾಣುವವರು. ಅವರನ್ನು ಜೊತೆಗಾರರೆಂದು ನಡೆಸಿಕೊಂಡರಷ್ಟೇ ಈ ಕೆಲಸ ಸಾಗುತ್ತದೆ.

ಇದಕ್ಕೆ ಬೇಕಾದ ಸಂಸ್ಥೆಗಳು ನಮ್ಮಲ್ಲಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಹಿರೇಬೇನೆಯ ಲಸಿಕೆ ತಯಾರಿಸುತ್ತದೆ. ಯಲಹಂಕದ ನಿವೇದಿ ಸಂಸ್ಥೆ ದೇಶದ ಜಾನುವಾರು ರೋಗಗಳ ಲೆಕ್ಕ ಇಡುತ್ತದೆ. ವಿಜಯಪುರದಲ್ಲೇ ಬಿಎಲ್‌ಡಿಇ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಇದೆ. ಕೊರತೆ ಇರುವುದು ಹಟ್ಟಿಗೂ ಪ್ರಯೋಗಾಲಯಕ್ಕೂ ನಡುವಿನ ದಾರಿಯಲ್ಲಿ. ಹಿರೇಬೇನೆಯ ಲಕ್ಷಣಗಳು ನೀಲಿ ನಾಲಿಗೆ ರೋಗ, ನ್ಯುಮೋನಿಯಾ, ಕುರಿ ಸಿಡುಬಿನ ಜೊತೆ ಬೆರೆತು ಕಾಣುತ್ತವೆ. ಕಣ್ಣಂದಾಜಿಗೆ ಗುರುತು ತಪ್ಪುತ್ತದೆ. ಬಬಲೇಶ್ವರದ ಹಿಂಡೊಂದರಲ್ಲಿ ನಾಲ್ಕು ಮರಿ ಸತ್ತಾಗ ಮೂಗು, ಕಣ್ಣಿನ ದ್ರವದಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆ ದಿನವೇ ಕಳಿಸುವ, ಫಲಿತಾಂಶವನ್ನು ಕುರಿಗಾರರಿಗೆ ತಿಳಿಸುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲೇ ಬೇಕು. ಹಿಂಡು ಜಿಲ್ಲೆ, ರಾಜ್ಯದ ಗಡಿ ದಾಟುವ ಮೊದಲು ಲಸಿಕೆ ಆಗಿರಬೇಕು. ಆ ದಾಖಲೆ ಜತ್ತ, ಸೊಲ್ಲಾಪುರದ ಪಶುವೈದ್ಯರಿಗೂ ಕಾಣಬೇಕು. ನಗರದಲ್ಲಿ ಪ್ರತಿ ಮಗುವಿಗೂ ಒಂಬತ್ತು ತಿಂಗಳಿಗೊಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು ಚುಚ್ಚುಮದ್ದು ತಪ್ಪದೆ ಬೀಳಬೇಕು. ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಬಿದ್ದರಷ್ಟೇ ದಡಾರಕ್ಕೆ ಹಾದಿ ಮುಚ್ಚುತ್ತದೆ. ದ್ರಾಕ್ಷಿ ಪಡ, ಕಬ್ಬಿನ ಗದ್ದೆಗೆ ದುಡಿಯಲು ಊರು ಬಿಟ್ಟು ಹೋಗುವ ಕುಟುಂಬಗಳ ಮಕ್ಕಳು, ಹಿಂಡಿನ ಜೊತೆ ಅಲೆಯುವ ಕುರಿಗಾರರ ಮಕ್ಕಳು ಎರಡನೆಯ ಸೂಜಿ ತಪ್ಪಿಸಿಕೊಳ್ಳುವುದು ಸುಲಭ. ಹಿಂಡಿಗೆ ಲಸಿಕೆ ಹಾಕಲು ಹೋದ ತಂಡದ ಜೊತೆ ಆರೋಗ್ಯ ಕಾರ್ಯಕರ್ತೆಯೂ ಹೋದರೆ, ಬಿಡಾರದಲ್ಲಿರುವ ಕೂಸಿನ ತಾಯಿ ಕಾರ್ಡನ್ನೂ ಅಲ್ಲೇ ನೋಡಬಹುದು. ಎರಡು ಇಲಾಖೆ ಒಂದು ಗಾಡಿಯಲ್ಲಿ ಹೋಗುವುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಜಿಲ್ಲಾಡಳಿತದ ಒಂದು ತೀರ್ಮಾನ ಸಾಕು. ದೊಡ್ಡರೋಗವನ್ನು ಅಳಿಸಿದ ದೇಶಕ್ಕೆ ಅದರ ದಾಯಾದಿಯನ್ನು ಅಳಿಸುವುದು ಅಸಾಧ್ಯವಲ್ಲ. ತಿಕೋಟಾದ ಹಟ್ಟಿಯಲ್ಲಿ ಆ ಕೆಲಸ ಎಷ್ಟು ಬೇಗ ಮುಗಿಯುತ್ತದೋ ವಿಜಯಪುರದ ಮಕ್ಕಳು ಅಷ್ಟೇ ಬೇಗ ಸುರಕ್ಷಿತರಾಗುತ್ತಾರೆ.